ಲಟಕ್ಕೆಂಬ ಸದ್ದಿಗೆ ಮುನ್ನ

ಸೊಂಟ ಹಿಡಿದುಕೊಂಡು ಮಲಗಿದವನಷ್ಟು ಬೇಗನೆ ಬಹುಶ್ರುತನಾಗುವ ಮನುಷ್ಯನು ಲೋಕದಲ್ಲಿ ಮತ್ತೊಬ್ಬನಿರಲಾರನು. ಕಳೆದ ಆಷಾಢದ ಒಂದು ಬೆಳಗ್ಗೆ ಯಲಹಂಕದ ನಮ್ಮ ಮನೆಯಲ್ಲಿ, ತುಂಬಿದ ಗ್ಯಾಸ್ ಸಿಲಿಂಡರನ್ನು ಮೂಲೆಯಿಂದ ಒಲೆಯ ಬಳಿಗೆ ತರುವ ಸಾಹಸಕ್ಕೆ, ‘ಈ ವಯಸ್ನಲ್ಲಿ ನಿಮಗ್ಯಾಕ್ರೀ’ ಎಂದು ಮನೆಯಾಕೆ ಹೇಳುತ್ತಿದ್ದ ಹಾಗೆಯೇ ಕೈಹಾಕಿ, ಬಗ್ಗಿದವನು ಬಗ್ಗಿದ ಭಂಗಿಯಲ್ಲಿಯೇ ನಿಂತುಬಿಟ್ಟೆ. ಅಂದು ಸಂಜೆಯ ಹೊತ್ತಿಗೆ ನನ್ನ ವೈದ್ಯಜ್ಞಾನವು ಅಪಾರವಾಗಿ ವೃದ್ಧಿಯಾಗಿತ್ತು. ಹಾಲಿನವನು ಪುತ್ತೂರು ಕಟ್ಟಿನವರ ವಿಳಾಸ ಹೇಳಿಹೋದನು. ಎದುರುಮನೆಯ ಅಜ್ಜಿ, ಕಾಲು ಮುಂದಾಗಿ ಹುಟ್ಟಿದವರು ಯಾರಾದರೂ ಸಿಕ್ಕರೆ ಅವರಿಂದ ಸೊಂಟಕ್ಕೆ ಮೆಲ್ಲನೆ ಒದೆಸಿಕೊಳ್ಳಬೇಕೆಂದರು. ಹಳೆಯ ಗೆಳೆಯರೊಬ್ಬರು, ಗರಡಿಮನೆಯ ಉಸ್ತಾದರು ಉಳುಕು ತೆಗೆಯುತ್ತಿದ್ದ ಕಾಲವನ್ನು ನೆನೆದು ನಿಟ್ಟುಸಿರಿಟ್ಟರು. ಆಯುರ್ವೇದದಲ್ಲಿ ಶ್ರದ್ಧೆಯುಳ್ಳ ಷಡ್ಡಕರು ಕಟಿಬಸ್ತಿಯೊಂದೇ ಗತಿಯೆಂದು ತೀರ್ಮಾನಿಸಿದರು. ಕೊನೆಯಲ್ಲಿ ಬಂದವನು ಮಾನ್ಯತಾ ಟೆಕ್ ಪಾರ್ಕಿನಲ್ಲಿ ಉದ್ಯೋಗದಲ್ಲಿರುವ ಅಣ್ಣನ ಮಗ. ಅವನು ತನ್ನ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, ‘ಚಿಕ್ಕಪ್ಪ, ಇದನ್ನ ನೋಡಿ. ಎರಡೇ ನಿಮಿಷ. ಲಟಕ್ ಅಂತ ಒಂದು ಸಲ ತಿರುಗಿಸ್ತಾರೆ, ಎದ್ದು ಓಡಾಡ್ತೀರ’ ಎಂದನು.

ಆ ಪುಟ್ಟ ಪರದೆಯ ಮೇಲೆ ಕಂಡದ್ದು ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸಾಕ್ರಮದ ಒಂದು ಪ್ರದರ್ಶನ. ಮೇಜಿನ ಮೇಲೆ ಮಲಗಿದ ರೋಗಿಯ ಗಲ್ಲಕ್ಕೆ ಒಂದು ಪಟ್ಟಿಯನ್ನು ತೊಡಿಸಿ ಹಿಂದಕ್ಕೆ ಸೆಳೆಯುವುದು, ಸದ್ದು ಚೆನ್ನಾಗಿ ಕೇಳಿಸಲೆಂದು ಕತ್ತಿನ ಬಳಿಯಲ್ಲಿಯೇ ಮೈಕನ್ನು ಸಿಕ್ಕಿಸುವುದು, ಲಟಲಟನೆ ಸದ್ದಾದೊಡನೆ ರೋಗಿಯು ನಗುವುದೋ ಅಳುವುದೋ ತಿಳಿಯದೆ ಕಣ್ಣೊರಸಿಕೊಳ್ಳುವುದು. ಹದಿನೈದು ವರ್ಷಗಳ ಹಿಂದೆ ನಮ್ಮ ಕಡೆಯಲ್ಲಿ ಅಷ್ಟಾಗಿ ಕಿವಿಗೆ ಬೀಳದಿದ್ದ ಈ ಹೆಸರನ್ನು, ಇಂದು ಹೆಬ್ಬಾಳದ ಮೇಲುಸೇತುವೆಯನ್ನಿಳಿದು ಆರ್.ಟಿ. ನಗರದ ಕಡೆಗೆ ಹೊರಳುವವನೂ ಯಶವಂತಪುರದಿಂದ ಮತ್ತಿಕೆರೆಯ ಮೇಲೆ ಹಾದು ಬರುವವನೂ ಫಿಸಿಯೋಥೆರಪಿಯ ಬೋರ್ಡುಗಳ ಪಕ್ಕದಲ್ಲಿ ಓದಿಕೊಳ್ಳಬಹುದಾಗಿದೆ. ಇದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾದದ್ದಿಲ್ಲ. ಹೆಬ್ಬಾಳವನ್ನು ದಾಟುವುದಕ್ಕಾಗಿಯೇ ದಿನದ ಒಂದು ಪಾಲನ್ನು ಕಾರಿನ ಆಸನದಲ್ಲಿ ಕಳೆಯುವವರು, ಹತ್ತು ಗಂಟೆಗಳ ಕಾಲ ಪರದೆಯ ಮುಂದೆ ಕುಳಿತಿರುವವರು, ಬೆನ್ನಿಗೆ ಚೌಕನೆಯ ಚೀಲವನ್ನು ಹೊತ್ತು ಹಂಪುಗಳ ಮೇಲೆ ಬೈಕು ಹಾರಿಸುವ ಡೆಲಿವರಿ ಹುಡುಗರು, ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ಆಲೂಗಡ್ಡೆಯ ಮೂಟೆಗಳನ್ನು ಹೊತ್ತು ಹೊತ್ತು ನಲವತ್ತಕ್ಕೇ ಮುದುಕರಾಗುವ ಹಮಾಲರು, ಜಾಲಹಳ್ಳಿಯಲ್ಲಿ 1953ರ ಎಚ್.ಎಂ.ಟಿ.ಯಲ್ಲಿಯೂ 1954ರ ಬಿ.ಇ.ಎಲ್.ನಲ್ಲಿಯೂ ಯಂತ್ರಗಳ ಮುಂದೆ ಆಯುಷ್ಯವನ್ನೆಲ್ಲ ನಿಂತು ಕಳೆದು ನಿವೃತ್ತರಾದವರು: ಇಷ್ಟು ಬಗೆಯ ಬೆನ್ನುಗಳು ಒಂದೇ ಸೀಮೆಯಲ್ಲಿ ನೆರೆದಿರುವಾಗ ಬೆನ್ನಿನ ಚಿಕಿತ್ಸಕರು ಅಲ್ಲಿ ಬಂದು ನೆಲಸದಿರುವುದು ಹೇಗೆ?

ನಾನು ಮೊದಲು ಹೋದ ಜಾಗದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಒಳಹೊಕ್ಕು ಕುಳಿತ ಐದನೆಯ ನಿಮಿಷಕ್ಕೆ ನನ್ನ ಕೈಗೆ ಇಂಗ್ಲಿಷಿನ ಒಂದು ಹಾಳೆ ಬಂದಿತು. ಅದರ ಕೊನೆಯಲ್ಲಿ ರುಜು ಹಾಕಿದ್ದಾಯಿತು. ಏಳನೆಯ ನಿಮಿಷಕ್ಕೆ ನಾನು ಮೇಜಿನ ಮೇಲಿದ್ದೆ. ಸೊಂಟದ ನೋವಿಗೆಂದು ಬಂದವನ ಕತ್ತನ್ನು ಆ ತರುಣನು ಎರಡೂ ಕೈಗಳಲ್ಲಿ ಹಿಡಿದು, ‘ಲೂಸ್ ಬಿಡಿ ಸಾರ್’ ಎಂದು, ನಾನು ಲೂಸು ಬಿಡುವುದರೊಳಗಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿಬಿಟ್ಟಿದ್ದನು. ಸದ್ದೇನೋ ಬಂದಿತು. ನನ್ನ ಹೃದಯದ ಬಡಿತದ ದೋಷಕ್ಕಾಗಿ ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೊಂದನ್ನು ನಾನು ಎರಡು ವರ್ಷಗಳಿಂದ ದಿನವೂ ನುಂಗುತ್ತಿದ್ದೇನೆ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ, ಹೇಳಬೇಕೆಂದು ನನಗೂ ತೋರಲಿಲ್ಲ. ಹೊರಡುವಾಗ ಮುಂಗಟ್ಟೆಯಲ್ಲಿದ್ದ ಹುಡುಗಿಯು ಇಪ್ಪತ್ತನಾಲ್ಕು ಸಿಟ್ಟಿಂಗುಗಳ ಪ್ಯಾಕೇಜನ್ನು ಅಂದೇ ಕಟ್ಟಿದರೆ ಉಳಿತಾಯವೆಷ್ಟೆಂಬುದನ್ನು ಲೆಕ್ಕಹಾಕಿ ತೋರಿಸಿದಳು. ಮನೆಗೆ ಬಂದ ಮೇಲೆ, ಮಾಡಬೇಕಾಗಿದ್ದುದನ್ನು ತಡವಾಗಿ ಮಾಡುವ ಜನರ ಜಾತಿಗೆ ಸೇರಿದವನಾದುದರಿಂದ, ಈ ವಿದ್ಯೆಯ ಮೂಲವೇನೆಂದು ಓದತೊಡಗಿದೆ.

1895ನೆಯ ಇಸವಿ ಸೆಪ್ಟೆಂಬರ್ 18ರಂದು, ಅಮೆರಿಕದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ, ಡೇನಿಯಲ್ ಡೇವಿಡ್ ಪಾಮರನೆಂಬುವನು, ತನ್ನ ಕಚೇರಿಯಿದ್ದ ಕಟ್ಟಡದ ಜಾಡಮಾಲಿಯಾದ ಹಾರ್ವಿ ಲಿಲ್ಲಾರ್ಡನ ಬೆನ್ನುಮೂಳೆಯ ಒಂದು ಮಣಿಯನ್ನು ಕೈಯಿಂದ ಅದುಮಿ ಸರಿಪಡಿಸಿದನೆಂದೂ, ಹದಿನೇಳು ವರ್ಷಗಳಿಂದ ಕಿವುಡನಾಗಿದ್ದ ಆತನಿಗೆ ಅದರಿಂದ ಕಿವಿ ಕೇಳಿಸಿತೆಂದೂ ಈ ಪಂಥದ ಜನ್ಮಕಥೆ. ಪಾಮರನು ಕೆನಡಾದಲ್ಲಿ ಹುಟ್ಟಿ, ಶಾಲೆಯಲ್ಲಿ ಪಾಠ ಹೇಳಿ, ಜೇನು ಸಾಕಿ, ದಿನಸಿ ಅಂಗಡಿ ಇಟ್ಟು, ಆ ಬಳಿಕ ಅಂಗೈಯಲ್ಲಿ ಕಾಂತಶಕ್ತಿಯಿದೆಯೆಂದು ನಂಬಿ ರೋಗ ವಾಸಿಮಾಡುತ್ತಿದ್ದವನು. ಅವನ ರೋಗಿಯೂ ಗ್ರೀಕ್ ಬಲ್ಲವನೂ ಆಗಿದ್ದ ಪಾದ್ರಿಯೊಬ್ಬನು, ಕೈ ಮತ್ತು ಕ್ರಿಯೆ ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಈ ಹೆಸರನ್ನು ಕಟ್ಟಿಕೊಟ್ಟನು. ‘ಹಸ್ತಕ್ರಿಯೆ’ ಎಂದು ನಾವು ಅನುವಾದಿಸಿಕೊಂಡರೆ ತಪ್ಪಾಗಲಾರದು. ಲಿಲ್ಲಾರ್ಡನ ಕಥೆಯನ್ನು ಶರೀರಶಾಸ್ತ್ರಜ್ಞರು ಒಪ್ಪದಿರುವುದಕ್ಕೆ ಸರಳವಾದ ಕಾರಣವಿದೆ: ಶ್ರವಣದ ನರವು ಕಿವಿಯಿಂದ ನೇರವಾಗಿ ಮಿದುಳಿನ ಬುಡಕ್ಕೆ ಹೋಗುತ್ತದೆ, ಬೆನ್ನಿನ ದಾರಿಯನ್ನು ಅದು ತುಳಿಯುವುದೇ ಇಲ್ಲ. ಆದರೂ ಪಾಮರನು ಆ ಒಂದು ಘಟನೆಯಿಂದ ಒಂದು ವಿಶ್ವಸಿದ್ಧಾಂತವನ್ನೇ ಕಟ್ಟಿದನು. ನೂರಕ್ಕೆ ತೊಂಬತ್ತೈದು ರೋಗಗಳಿಗೆ ಸ್ಥಾನತಪ್ಪಿದ ಬೆನ್ನುಮಣಿಗಳೇ ಕಾರಣವೆಂದನು. ಆ ಸ್ಥಾನಚ್ಯುತಿಗೆ ‘ಸಬ್‌ಲಕ್ಸೇಷನ್’ ಎಂಬ ಹೆಸರನ್ನು ಹಿಡಿದನು. 1897ರಲ್ಲಿ ಶಾಲೆಯನ್ನು ತೆರೆದನು. ಪರವಾನಗಿಯಿಲ್ಲದೆ ವೈದ್ಯ ಮಾಡಿದನೆಂದು 1906ರಲ್ಲಿ ಸೆರೆಮನೆಯನ್ನೂ ಕಂಡನು.

ಆ ಬಳಿಕದ ಇತಿಹಾಸವು ಬಹುಮಟ್ಟಿಗೆ ನ್ಯಾಯಾಲಯಗಳ ಇತಿಹಾಸ. ಅಮೆರಿಕದ ವೈದ್ಯಸಂಘವು ತಮ್ಮನ್ನು ಬಹಿಷ್ಕರಿಸಲು ಒಳಸಂಚು ನಡೆಸಿದೆಯೆಂದು ಕೈರೋಪ್ರಾಕ್ಟರುಗಳು 1976ರಲ್ಲಿ ಹೂಡಿದ ವ್ಯಾಜ್ಯದಲ್ಲಿ 1987ರಲ್ಲಿ ತೀರ್ಪು ಅವರ ಕಡೆಗೇ ಆಯಿತು. ಬ್ರಿಟನ್ನಿನಲ್ಲಿ 1994ರ ಕಾನೂನು ಅವರಿಗೆ ಒಂದು ಶಾಸನಬದ್ಧ ಪರಿಷತ್ತನ್ನು ಕೊಟ್ಟಿತು. ಸ್ವಾರಸ್ಯವಾದ ಸಂಗತಿಯೆಂದರೆ, ಅದೇ ಪರಿಷತ್ತು 2010ರಲ್ಲಿ, ಸಬ್‌ಲಕ್ಸೇಷನ್ ಎಂಬುದು ಕೇವಲ ಒಂದು ತಾತ್ತ್ವಿಕ ಕಲ್ಪನೆಯೆಂದೂ, ಅದು ರೋಗಕ್ಕೆ ಕಾರಣವೆಂಬುದಕ್ಕೆ ಸಂಶೋಧನೆಯ ಆಧಾರವಿಲ್ಲವೆಂದೂ ತನ್ನವರಿಗೇ ತಿಳಿಯಹೇಳಿತು. ಆದುದರಿಂದ ಬೆನ್ನುಮಣಿಯನ್ನು ಸರಿಪಡಿಸಿ ಆಸ್ತಮಾ, ಸಕ್ಕರೆ ಕಾಯಿಲೆ, ಬಂಜೆತನ, ಮಗುವಿನ ಹೊಟ್ಟೆನೋವು ಇವನ್ನೆಲ್ಲ ನಿವಾರಿಸುತ್ತೇವೆಂದು ಹೇಳುವ ಬೋರ್ಡನ್ನು ಹೊಸ ರೋಗಿಯು ಕಂಡರೆ, ಅವನು ಆ ಮೆಟ್ಟಿಲನ್ನು ಹತ್ತದೆ ಮುಂದೆ ನಡೆಯುವುದು ಲೇಸು.

ಇನ್ನು ಆ ಸದ್ದು. ನಮ್ಮ ಹಿರಿಯರು ಇದನ್ನು ನೆಟಿಗೆ ಎಂದರು. ಬೆರಳಿನ ನೆಟಿಗೆಯನ್ನು ಮುರಿದು ದೃಷ್ಟಿ ತೆಗೆಯುವ ಅಜ್ಜಿಯಂದಿರ ಕೈಯಲ್ಲಿ ಆಗುವ ಸದ್ದೂ, ಮೇಜಿನ ಮೇಲೆ ಸಾವಿರಾರು ರೂಪಾಯಿ ತೆತ್ತು ಕೇಳುವ ಸದ್ದೂ ಮೂಲತಃ ಒಂದೇ. ಕೀಲಿನೊಳಗೆ, ಎರಡು ಎಲುಬುಗಳ ನಡುವೆ, ಎಣ್ಣೆಯಂತಹ ಒಂದು ದ್ರವವಿದೆ. ಕೀಲನ್ನು ಥಟ್ಟನೆ ಹಿಗ್ಗಿಸಿದಾಗ ಒಳಗಿನ ಒತ್ತಡವು ಕುಸಿದು, ದ್ರವದಲ್ಲಿ ಕರಗಿದ್ದ ಅನಿಲವು ಗುಳ್ಳೆಗಟ್ಟುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾನಿಲಯದವರು 2015ರಲ್ಲಿ ಎಂ.ಆರ್.ಐ. ಯಂತ್ರದೊಳಗೆ ಬೆರಳಿನ ನೆಟಿಗೆಯನ್ನು ತೆಗೆಯಿಸಿ, ಸದ್ದಾಗುವ ಗಳಿಗೆಗೂ ಆ ಪೊಳ್ಳು ಹುಟ್ಟುವ ಗಳಿಗೆಗೂ ಇರುವ ಸಂಬಂಧವನ್ನು ಚಿತ್ರಿಸಿ ತೋರಿಸಿದರು. ಒಮ್ಮೆ ಸದ್ದು ಮಾಡಿದ ಕೀಲು ಸುಮಾರು ಇಪ್ಪತ್ತು ನಿಮಿಷಗಳವರೆಗೆ ಮತ್ತೆ ಸದ್ದು ಮಾಡಲಾರದು. ನೆಟಿಗೆ ಮುರಿದರೆ ಸಂಧಿವಾತ ಬರುತ್ತದೆಂದು ತಾಯಿ ಗದರಿಸಿದ್ದನ್ನು ಪರೀಕ್ಷಿಸಲೆಂದು, ಡೊನಾಲ್ಡ್ ಅಂಗರ್ ಎಂಬ ಅಮೆರಿಕದ ವೈದ್ಯನು ಅರವತ್ತು ವರ್ಷಗಳ ಕಾಲ ಎಡಗೈಯ ನೆಟಿಗೆಯನ್ನು ಮಾತ್ರ ಮುರಿಯುತ್ತ ಬಲಗೈಯನ್ನು ಹಾಗೆಯೇ ಬಿಟ್ಟು, ಎರಡು ಕೈಗಳಲ್ಲಿ ಭೇದವೇ ಇಲ್ಲವೆಂದು ಸಾರಿ, 2009ರಲ್ಲಿ ವಿನೋದದ ಇಗ್ ನೊಬೆಲ್ ಪ್ರಶಸ್ತಿಯನ್ನು ಪಡೆದನು. ಇಂಥ ಸಾಧಕರ ಮುಂದೆ ನಮ್ಮ ಹಠಯೋಗಿಗಳೂ ತಲೆಬಾಗಬೇಕು. ಅದೆಂತಿದ್ದರೂ, ಸದ್ದು ಬಂದುದರಿಂದ ಮೂಳೆ ತನ್ನ ಸ್ಥಾನಕ್ಕೆ ಮರಳಿತೆಂದು ತಿಳಿಯಬಾರದು. ಸದ್ದು ಬಾರದಿದ್ದರೆ ಚಿಕಿತ್ಸೆ ಕೆಟ್ಟಿತೆಂದೂ ತಿಳಿಯಬಾರದು. ಯಶವಂತಪುರದ ಯಾರ್ಡಿನ ಹಮಾಲನೊಬ್ಬನು ನನಗೆ ಹೇಳಿದ ಮಾತು ಇದಕ್ಕಿಂತ ಚಿಕ್ಕದು: ‘ಸದ್ದು ಬಂತು ಸಾಮಿ, ನೋವು ಹೋಗ್ಲಿಲ್ಲ.’

ಹಾಗಾದರೆ ಈ ಚಿಕಿತ್ಸೆಯಲ್ಲಿ ಸತ್ತ್ವವೇ ಇಲ್ಲವೇ? ಇದೆ, ಆದರೆ ಅದು ಮೊಬೈಲಿನ ಪರದೆಯಲ್ಲಿ ಕಾಣುವಷ್ಟು ಬೃಹತ್ತಾದದ್ದಲ್ಲ. ಸೊಂಟದ ನೋವೆಂಬುದು ಜಗತ್ತಿನಲ್ಲಿ 2020ರ ಎಣಿಕೆಯಂತೆ 61.9 ಕೋಟಿ ಜನರನ್ನು ಹಿಡಿದಿದ್ದ ವ್ಯಾಧಿ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಬಿಸಿಶಾಖ, ಮಾಲಿಷ್, ಸೂಜಿಚಿಕಿತ್ಸೆ ಇವುಗಳ ಸಾಲಿನಲ್ಲಿ ಬೆನ್ನುಮೂಳೆಯ ಹಸ್ತಚಾಲನೆಯನ್ನೂ ಇಟ್ಟಿತು. ಹಳೆಯದಾದ ಸೊಂಟನೋವಿನ ಮೇಲೆ ನಡೆದ 47 ಪ್ರಯೋಗಗಳನ್ನೂ ಒಂಬತ್ತು ಸಾವಿರಕ್ಕೂ ಮಿಗಿಲಾದ ರೋಗಿಗಳನ್ನೂ ಒಟ್ಟುಗೂಡಿಸಿ ನೋಡಿದ 2019ರ ಒಂದು ಸಮೀಕ್ಷೆಯು, ವ್ಯಾಯಾಮವೇ ಮೊದಲಾದ ಶಿಷ್ಟಚಿಕಿತ್ಸೆಗಳಿಂದ ಆಗುವಷ್ಟೇ ಉಪಕಾರವು ಇದರಿಂದಲೂ ಆಗುತ್ತದೆಂದು ಹೇಳಿತು. ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಬ್ರಿಟನ್ನಿನ ಮಾರ್ಗಸೂಚಿಯು ವ್ಯಾಯಾಮದ ಜೊತೆಯಲ್ಲಿ ಮಾತ್ರ ಇದನ್ನು ಒಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ದೀರ್ಘಕಾಲದ ಸೊಂಟನೋವಿಗೆ ಇದನ್ನೊಂದು ಉಪಾಯವಾಗಿ ಎಣಿಸಿ, ಸೊಂಟಪಟ್ಟಿಯನ್ನೂ ಜಗ್ಗುವ ಟ್ರ್ಯಾಕ್ಷನ್ನನ್ನೂ ಸಾಮಾನ್ಯಚಿಕಿತ್ಸೆಯಾಗಿ ಬೇಡವೆಂದಿತು. ನಮ್ಮ ಮನೆಗಳ ಬೀರುಗಳಲ್ಲಿ ಮಲಗಿರುವ ಸೊಂಟಪಟ್ಟಿಗಳ ಸಂಖ್ಯೆಯನ್ನು ನೆನೆದರೆ ಈ ಮಾತು ಕೊಂಚ ಕಸಿವಿಸಿಯನ್ನುಂಟುಮಾಡುತ್ತದೆ. ಹೊಸ ಸೊಂಟನೋವುಗಳಲ್ಲಿ ಬಹುಪಾಲು, ಏನನ್ನು ಮಾಡಿದರೂ, ಏನನ್ನೂ ಮಾಡದಿದ್ದರೂ, ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ಆ ಕೆಲವು ವಾರಗಳ ಕೀರ್ತಿಯನ್ನು ಯಾರು ಪಡೆದುಕೊಳ್ಳುತ್ತಾರೆಂಬುದು ಆ ಸಮಯದಲ್ಲಿ ನಾವು ಯಾರ ಮೇಜಿನ ಮೇಲಿದ್ದೆವೆಂಬುದನ್ನು ಅವಲಂಬಿಸಿದೆ.

ಈ ವಿದ್ಯೆಯನ್ನು ನಮ್ಮಲ್ಲಿ ಮಾಡುವವರು ಯಾರು ಎಂಬುದು ಹೊಸ ರೋಗಿಯು ವಿಚಾರಿಸಬೇಕಾದ ಮೊದಲನೆಯ ವಿಷಯ. ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಪ್ರತ್ಯೇಕವಾದ ಶಾಸನಬದ್ಧ ಪರಿಷತ್ತಿಲ್ಲ. ಇಂಥವನು ಕಲಿತವನು, ಇಂಥವನು ಕಲಿಯದವನು ಎಂದು ಪಟ್ಟಿಮಾಡಿ ರೋಗಿಗೆ ತಿಳಿಸುವ ಯಾವ ರಿಜಿಸ್ಟರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಈ ವಿದ್ಯೆಗೆ ಗೊತ್ತುಮಾಡಿದ ಪೂರ್ಣ ಶಿಕ್ಷಣವು ನಾಲ್ಕು ವರ್ಷಗಳ, 4200 ಗಂಟೆಗಳ ಅಭ್ಯಾಸ. ಅದರಲ್ಲಿ ಕನಿಷ್ಠ 1000 ಗಂಟೆಗಳು ಹಿರಿಯರ ಕಣ್ಣೆದುರಿನಲ್ಲಿ ರೋಗಿಗಳ ಮೇಲೆ ನಡೆಯತಕ್ಕ ಅಭ್ಯಾಸ. ನಮ್ಮ ಬೋರ್ಡುಗಳ ಹಿಂದೆ ಇರುವವರಲ್ಲಿ ವಿದೇಶದಲ್ಲಿ ಅಷ್ಟನ್ನೂ ಮುಗಿಸಿ ಬಂದವರಿದ್ದಾರೆ. ಫಿಸಿಯೋಥೆರಪಿಯ ಪದವಿ ಪಡೆದು ಹಸ್ತಚಾಲನೆಯಲ್ಲಿ ವಿಶೇಷ ಪರಿಶ್ರಮ ಮಾಡಿದವರಿದ್ದಾರೆ. ಉಜಿರೆಯಲ್ಲಿ 1989ರಲ್ಲಿ ಆರಂಭವಾದಂತಹ ಪ್ರಕೃತಿಚಿಕಿತ್ಸಾ ಕಾಲೇಜುಗಳಲ್ಲಿ ಐದೂವರೆ ವರ್ಷ ಓದಿದವರಿದ್ದಾರೆ. ಎರಡು ವಾರಾಂತ್ಯಗಳ ಶಿಬಿರವನ್ನು ಮುಗಿಸಿ ಮೇಜು ಕೊಂಡವರೂ ಇದ್ದಾರೆ. ನಾಲ್ವರ ಹೆಸರಿನ ಹಿಂದೆಯೂ ‘ಡಾ.’ ಎಂಬ ಅಕ್ಷರವು ಒಂದೇ ಗಾತ್ರದಲ್ಲಿ ಬರೆದಿರುವುದುಂಟು. ಎಲ್ಲಿ ಓದಿದಿರಿ, ಎಷ್ಟು ವರ್ಷ, ಯಾವ ಕೌನ್ಸಿಲಿನಲ್ಲಿ ರಿಜಿಸ್ಟರ್ ಆಗಿದ್ದೀರಿ ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಕಲಿತವನು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸುತ್ತಾನೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ಫಿಸಿಯೋಥೆರಪಿ ಕೇಂದ್ರವೂ ನೋಂದಣಿಯಾಗಿ, ಆ ಪತ್ರವನ್ನು ಎಲ್ಲರ ಕಣ್ಣಿಗೆ ಬೀಳುವ ಗೋಡೆಯಲ್ಲಿ ತೂಗುಹಾಕಿರಬೇಕು. ಅಲ್ಲಿಯೇ ಎಕ್ಸ್-ರೇ ಯಂತ್ರವಿದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯೂ ಇರತಕ್ಕದ್ದು. ಪರಿಷತ್ತು ಮಾಡಬೇಕಾಗಿದ್ದ ಕೆಲಸವನ್ನು, ಪರಿಷತ್ತಿಲ್ಲದ ನಾಡಿನಲ್ಲಿ, ರೋಗಿಯೇ ಕುರ್ಚಿಯ ಮೇಲೆ ಕುಳಿತು ಮಾಡಬೇಕಾಗಿದೆ.

ಎರಡನೆಯ ಸಲ ನಾನು ಹೋದದ್ದು ಆರ್.ಟಿ. ನಗರದ ಒಂದು ಒಳರಸ್ತೆಗೆ, ಫಿಸಿಯೋಥೆರಪಿ ಓದಿ ಈ ಹಸ್ತವಿದ್ಯೆಯನ್ನೂ ಕ್ರಮವಾಗಿ ಅಭ್ಯಸಿಸಿದ ಒಬ್ಬ ಮಹಿಳೆಯ ಬಳಿಗೆ. ಆಕೆ ಮುಕ್ಕಾಲು ಗಂಟೆಯವರೆಗೆ ನನ್ನನ್ನು ಮುಟ್ಟಲೇ ಇಲ್ಲ, ಕೇಳುತ್ತಲೇ ಇದ್ದರು. ನೋವು ಎಂದು ಬಂದಿತು, ಕಾಲಿಗೆ ಇಳಿಯುತ್ತದೆಯೇ, ಮೊಣಕಾಲಿನ ಕೆಳಗೂ ಹೋಗುತ್ತದೆಯೇ, ಕೆಮ್ಮಿದರೆ ಹೆಚ್ಚುತ್ತದೆಯೇ, ರಾತ್ರಿ ಮಲಗಿದಾಗ ಇಳಿಯುತ್ತದೆಯೋ ಏರುತ್ತದೆಯೋ, ಸಂಜೆಯ ಜ್ವರವುಂಟೇ, ತೂಕ ಇಳಿದಿದೆಯೇ, ಮೂತ್ರಕ್ಕೆ ಹೋಗುವುದರಲ್ಲಿ ತೊಂದರೆಯಿದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ, ಯಾವ ಯಾವ ಮಾತ್ರೆ, ಎಷ್ಟು ದಿನಗಳಿಂದ. ಆ ಬಳಿಕ ಹಿಮ್ಮಡಿಯ ಮೇಲೊಮ್ಮೆ ತುದಿಗಾಲಿನ ಮೇಲೊಮ್ಮೆ ನಡೆಯಿಸಿದರು. ಮಲಗಿಸಿ ನೇರವಾದ ಕಾಲನ್ನು ಮೆಲ್ಲನೆ ಮೇಲೆತ್ತಿ ಎಲ್ಲಿ ನೋವು ಹುಟ್ಟುತ್ತದೆಂದು ನೋಡಿದರು. ಮೊಣಕಾಲಿಗೂ ಹಿಮ್ಮಡಿಯ ಮೇಲಿನ ಸ್ನಾಯುವಿಗೂ ರಬ್ಬರಿನ ಸುತ್ತಿಗೆಯಿಂದ ತಟ್ಟಿದರು. ಪಾದದ ಚರ್ಮದ ಸ್ಪರ್ಶಜ್ಞಾನವನ್ನು ಹತ್ತಿಯಿಂದ ಪರೀಕ್ಷಿಸಿದರು. ಎಲ್ಲ ಆದ ಮೇಲೆ, ‘ಸರ್, ನಿಮ್ಮ ಬೆನ್ನನ್ನ ಇವತ್ತು ತಿರುಚೋದು ಬೇಡ. ಕತ್ತನ್ನಂತೂ ಯಾರಿಗೂ ಕೊಡಬೇಡಿ, ಆ ಮಾತ್ರೆ ತಗೊಳ್ಳೋವಾಗ’ ಎಂದು ಹೇಳಿ, ಮೂರು ವ್ಯಾಯಾಮಗಳನ್ನು ಕಲಿಸಿ, ಸಿಲಿಂಡರನ್ನು ಹೇಗೆ ಎತ್ತಬೇಕೆಂಬುದನ್ನಲ್ಲ, ಏಕೆ ಎತ್ತಬಾರದೆಂಬುದನ್ನು ತಿಳಿಸಿ ಕಳುಹಿಸಿದರು. ಲಟಕ್ಕೆಂಬ ಸದ್ದನ್ನು ಮಾಡಲು ಬಲ್ಲ ಕೈ ಅದನ್ನು ಮಾಡದೆ ಬಿಟ್ಟಾಗಲೇ ನನಗೆ ಆ ವಿದ್ಯೆಯ ಮೇಲೆ ಗೌರವ ಹುಟ್ಟಿತು.

ಆ ಪ್ರಶ್ನೆಗಳಲ್ಲಿ ಒಂದೊಂದರ ಹಿಂದೆಯೂ ಒಂದೊಂದು ಭಯವಿದೆ. ಕತ್ತಿನ ವಿಷಯವನ್ನೇ ಮೊದಲು ಹೇಳುವೆನು. ಮಿದುಳಿಗೆ ರಕ್ತವನ್ನೊಯ್ಯುವ ನಾಲ್ಕು ಅಪಧಮನಿಗಳು ಕತ್ತಿನಲ್ಲಿ ಮೇಲೇರುತ್ತವೆ. ಅವುಗಳಲ್ಲಿ ಎರಡು, ಕತ್ತಿನ ಮಣಿಗಳಲ್ಲಿರುವ ರಂಧ್ರಗಳ ಮೂಲಕ ದಾರ ಪೋಣಿಸಿದಂತೆ ಹಾದುಹೋಗುತ್ತವೆ. ಕತ್ತನ್ನು ಥಟ್ಟನೆ ತಿರುವಿದಾಗ ಅಪಧಮನಿಯ ಒಳಪದರವು ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು. ಇದು ಬಹಳ ವಿರಳ. ಸೀಳು ಮೊದಲೇ ಆಗಿದ್ದು ಅದರ ನೋವಿಗೇ ಜನರು ಚಿಕಿತ್ಸಕರನ್ನು ಹುಡುಕಿಕೊಂಡು ಹೋಗಿರಬಹುದೆಂಬ ವಾದವೂ ವಿದ್ವಾಂಸರಲ್ಲಿದೆ. ಆದರೆ 2024ರಲ್ಲಿ ಬಳ್ಳಾರಿಯ ಒಂದು ಕ್ಷೌರದಂಗಡಿಯಲ್ಲಿ ನಡೆದದ್ದನ್ನು ನಮ್ಮ ಪತ್ರಿಕೆಗಳೆಲ್ಲ ವರದಿ ಮಾಡಿದವು: ಕ್ಷೌರದ ತರುವಾಯ ಪುಕ್ಕಟೆಯಾಗಿ ದೊರೆತ ತಲೆಮಾಲಿಷಿನ ಕೊನೆಯಲ್ಲಿ ಕತ್ತನ್ನು ತಿರುವಿಸಿಕೊಂಡ ಯುವಕನೊಬ್ಬನು, ಮಾತು ಕುಗ್ಗಿ ಎಡಮೈ ಸೋತು, ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು; ಕತ್ತಿನ ಅಪಧಮನಿಯಲ್ಲಿ ಸೀಳು ಕಂಡಿತು. ಕ್ಷೌರಿಕರ ಕುರ್ಚಿಯಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳುವುದು ನಮ್ಮಲ್ಲಿ ತಲೆಮಾರುಗಳ ಸುಖ; ಆ ಸುಖವನ್ನು ನಾನಂತೂ ಬಿಟ್ಟಿದ್ದೇನೆ. ಹಿಂದೆಂದೂ ಬಾರದಂತಹ ಕತ್ತುನೋವು ಅಥವಾ ತಲೆನೋವು ಒಮ್ಮೆಗೇ ಬಂದು, ಅದರ ಜೊತೆಗೆ ತಲೆಸುತ್ತು, ಎರಡೆರಡಾಗಿ ಕಾಣುವಿಕೆ, ನಾಲಗೆಯ ತೊದಲು ಇವುಗಳಲ್ಲಿ ಒಂದಾದರೂ ಇದ್ದರೆ, ಅದು ಯಾವ ಮೇಜಿನ ಮೇಲೂ ಮಲಗುವ ಹೊತ್ತಲ್ಲ.

ನಮ್ಮ ಸೀಮೆಗೇ ವಿಶಿಷ್ಟವಾದ ಇನ್ನೊಂದು ಭಯವನ್ನು ಅಮೆರಿಕದ ಪಠ್ಯಪುಸ್ತಕಗಳು ಇಷ್ಟು ಒತ್ತಿ ಹೇಳಲಾರವು. ಹೆಬ್ಬಾಳ ಯಲಹಂಕಗಳ ದವಾಖಾನೆಗಳಿಗೆ ದೇವನಹಳ್ಳಿಯಾಚೆಯಿಂದ, ಚಿಕ್ಕಬಳ್ಳಾಪುರ ಬಾಗೇಪಲ್ಲಿಗಳಿಂದ ಬಸ್ಸು ಹಿಡಿದು ಬರುವವರು ಅನೇಕರು. ಆ ಬಯಲುಸೀಮೆಯ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಮಿಗೆ ಮೀರಬಾರದು, ಬೇರೆ ಗತಿಯಿಲ್ಲದಿದ್ದರೆ ಒಂದೂವರೆಯವರೆಗೆ ಎಂದು ನಮ್ಮ ಮಾನಕವು ಹೇಳುತ್ತದೆ. ಅದನ್ನು ಮೀರಿದ ನೀರನ್ನು ದಶಕಗಳ ಕಾಲ ಕುಡಿದವರ ಹಲ್ಲು ಮೊದಲು ಕಂದುಗಟ್ಟುತ್ತದೆ; ತರುವಾಯ ಬೆನ್ನು ಬಿದಿರಿನಂತೆ ಬಿಗಿಯುತ್ತದೆ; ಬೆನ್ನುಮಣಿಗಳನ್ನು ಕಟ್ಟಿಹಿಡಿದ ಕಟ್ಟುಗಳಲ್ಲಿ ಸುಣ್ಣ ಕೂಡಿ, ಬೆನ್ನುಹುರಿ ಹಾದುಹೋಗುವ ಕಾಲುವೆಯೇ ಇಕ್ಕಟ್ಟಾಗುತ್ತದೆ. ಎಕ್ಸ್-ರೇಯಲ್ಲಿ ಆ ಎಲುಬು ಬೆಳ್ಳಗೆ ದಟ್ಟವಾಗಿ ಕಂಡರೂ ಒಳಗೆ ಅದು ಪೆಡಸಾದದ್ದು. ಅಸ್ಥಿಗತವಾದ ಈ ಫ್ಲೋರೋಸಿಸನ್ನು ಭಾರತದಲ್ಲಿ ಮೊದಲು ವರ್ಣಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ರೋಗಿಗಳನ್ನು ಕಂಡವರು. ಇಂಥ ಬೆನ್ನಿನ ಬಿಗಿತವನ್ನು ಕೆಲಸದ ಆಯಾಸವೆಂದು ಬಗೆದು ಬಲವಾಗಿ ತಿರುಚಿದರೆ, ಮೊದಲೇ ಹಿಸುಕಿಹೋಗಿರುವ ಹುರಿಗೆ ಪೆಟ್ಟಾಗಿ ಕಾಲುಗಳೇ ಸೋತುಹೋಗಬಹುದು. ಆದುದರಿಂದ, ಯಾವ ಊರು, ಯಾವ ನೀರು ಎಂದು ಕೇಳದ ಕೈಗೆ, ನಮ್ಮ ಈಶಾನ್ಯದ ತಾಲ್ಲೂಕುಗಳಿಂದ ಬಂದವನು ಬೆನ್ನನ್ನು ಒಪ್ಪಿಸತಕ್ಕದ್ದಲ್ಲ.

ಬೆನ್ನುಮೂಳೆಯ ಕ್ಷಯವೂ ಇಂಥದೇ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟನು 1779ರಲ್ಲಿ ಅದನ್ನು ವರ್ಣಿಸಿದುದರಿಂದ ಅದಕ್ಕೆ ಪಾಟನ ರೋಗವೆಂದೇ ಹೆಸರು; ಇಂಗ್ಲೆಂಡಿನಲ್ಲಿ ಇಂದು ಅಪರೂಪವಾದದ್ದು ನಮ್ಮಲ್ಲಿ ಇನ್ನೂ ಅಪರೂಪವಾಗಿಲ್ಲ. ಸಂಜೆಯ ಸಣ್ಣ ಜ್ವರ, ಇಳಿ ತೂಕ, ರಾತ್ರಿ ನಿದ್ದೆಗೆಡಿಸುವ ನೋವು ಇವು ಅದರ ಗುರುತುಗಳು. ಮೂಳೆ ಸವೆದ ವೃದ್ಧೆಯರು, ವರ್ಷಗಟ್ಟಲೆ ಸ್ಟೀರಾಯ್ಡ್ ಸೇವಿಸಿದವರು, ಕ್ಯಾನ್ಸರಿನ ಚಿಕಿತ್ಸೆ ಪಡೆದವರು, ಕೀಲುವಾತದಿಂದ ಕತ್ತಿನ ಕೀಲುಗಳು ಸಡಿಲವಾದವರು, ಬಿದ್ದು ಪೆಟ್ಟುಮಾಡಿಕೊಂಡು ಬಂದವರು, ಇವರೆಲ್ಲರೂ ಮೊದಲು ಮೂಳೆವೈದ್ಯರನ್ನು ಕಂಡು ಬರಬೇಕಾದವರು. ಎಳೆಯ ಮಕ್ಕಳ ಮಾತಂತೂ ಬೇಡ. ಆಸ್ಟ್ರೇಲಿಯದಲ್ಲಿ ಎಳೆಗೂಸೊಂದರ ಬೆನ್ನಿಗೆ ನಡೆಸಿದ ಚಿಕಿತ್ಸೆಯ ಚಿತ್ರಣವು ಜನರ ಕಣ್ಣಿಗೆ ಬಿದ್ದ ತರುವಾಯ, ಅಲ್ಲಿಯ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷ ತುಂಬದ ಮಕ್ಕಳ ಬೆನ್ನನ್ನು ತಿರುಚುವುದಕ್ಕೆ ತಡೆಯೊಡ್ಡಿತು.

ಎಕ್ಸ್-ರೇ, ಎಂ.ಆರ್.ಐ.ಗಳ ವಿಷಯದಲ್ಲಿ ಎರಡು ಮಾತು. ‘ಬೆನ್ನುಮೂಳೆಯಲ್ಲಿ ಗ್ಯಾಪ್ ಇದೆಯಂತೆ’ ಎಂಬ ಒಂದು ವಾಕ್ಯವು ನಮ್ಮ ಊರಿನಲ್ಲಿ ಎಷ್ಟು ಮನೆಗಳ ನೆಮ್ಮದಿಯನ್ನು ಕೆಡಿಸಿದೆಯೋ ಲೆಕ್ಕವಿಲ್ಲ. ಬೆನ್ನುನೋವೇ ಇಲ್ಲದ ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಇಪ್ಪತ್ತರ ಪ್ರಾಯದವರಲ್ಲಿಯೇ ನೂರಕ್ಕೆ 37 ಮಂದಿಗೆ ಡಿಸ್ಕಿನ ಸವೆತವಿತ್ತು. ಎಂಬತ್ತರ ಪ್ರಾಯದವರಲ್ಲಿ ನೂರಕ್ಕೆ 96 ಮಂದಿಗೆ. ತಲೆಗೂದಲು ನರೆಯುವಂತೆ ಡಿಸ್ಕೂ ಸವೆಯುತ್ತದೆ. ಆದುದರಿಂದ ಬಂದವರಿಗೆಲ್ಲ ಮೊದಲ ದಿನವೇ ಚಿತ್ರ ತೆಗೆದು, ಅದರ ಮೇಲೆ ಕೆಂಪು ಗೆರೆಗಳನ್ನೆಳೆದು, ನಿಮ್ಮ ಬೆನ್ನು ಇಷ್ಟು ಡಿಗ್ರಿ ವಾಲಿದೆ, ಇದನ್ನು ನೇರ ಮಾಡಲು ಆರು ತಿಂಗಳು ಬೇಕು ಎಂದು ಹೇಳುವವರನ್ನು ನಾನು ವೈದ್ಯರೆಂಬುದಕ್ಕಿಂತ ವ್ಯಾಪಾರಿಗಳೆಂದೇ ಎಣಿಸುತ್ತೇನೆ.

ಇಷ್ಟನ್ನೂ ತಿಳಿದು, ಯೋಗ್ಯರಾದವರ ಬಳಿಗೆ ಹೋದ ಹೊಸ ರೋಗಿಯು ಅಂಜಬೇಕಾದದ್ದಿಲ್ಲ. ಸಡಿಲವಾದ ಹತ್ತಿಯ ಉಡುಪಿನಲ್ಲಿ ಹೋಗುವುದು ಒಳ್ಳೆಯದು. ಹೆಂಗಸರು ಜೊತೆಯಲ್ಲಿ ತಮ್ಮವರೊಬ್ಬರನ್ನು ಒಳಗೆ ಕೂರಿಸಿಕೊಳ್ಳುವುದಾಗಿ ಹೇಳಬಹುದು. ರುಜು ಹಾಕುವ ಹಾಳೆ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿರೆಂದು ಕೇಳುವ ಹಕ್ಕು ನಮ್ಮದು. ನಾನು ಮೊದಲನೆಯ ಜಾಗದಲ್ಲಿ ಹಾಗೆ ಕೇಳಿದ್ದಿದ್ದರೆ, ಆ ಹಾಳೆಯ ನಡುವಿನಲ್ಲೆಲ್ಲೋ ‘ಪಾರ್ಶ್ವವಾಯು’ ಎಂಬ ಪದವೂ ‘ನೀವು ಸೇವಿಸುವ ಔಷಧಗಳು’ ಎಂಬ ಖಾಲಿ ಸಾಲೂ ಇದ್ದುದು ಅಂದೇ ತಿಳಿಯುತ್ತಿತ್ತು. ತಿರುವುವುದು ಬೇಡವೆನಿಸಿದರೆ ಮೆಲ್ಲನೆ ಒತ್ತುವ, ನೀವುವ ಕ್ರಮಗಳೂ ಇವೆ. ಬೇಡವೆಂದು ಯಾವ ಗಳಿಗೆಯಲ್ಲಾದರೂ ಹೇಳಬಹುದು. ಚಿಕಿತ್ಸೆಯ ಮಾರನೆಯ ದಿನ ಮೈಕೈ ನೋಯುವುದು, ಬಿಗಿಯುವುದು ಸುಮಾರು ಅರ್ಧದಷ್ಟು ಜನರಿಗೆ ಆಗುವಂಥದು. ಅದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ನಾಲ್ಕಾರು ಸಲ ಹೋಗಿಬಂದ ಮೇಲೂ ನೋವು ಕಿಂಚಿತ್ತೂ ತಗ್ಗದಿದ್ದರೆ ಅದು ತಮ್ಮ ಕೈಗೆ ಮೀರಿದ್ದೆಂದು ಹೇಳಿ ಮತ್ತೊಬ್ಬರ ಬಳಿಗೆ ಕಳುಹಿಸುವುದು ಒಳ್ಳೆಯ ಚಿಕಿತ್ಸಕರ ಲಕ್ಷಣ.

ಒಂದನ್ನು ಮಾತ್ರ ಯಾರೂ ಮನೆಯಲ್ಲಿ ಕಾಯಬಾರದು. ಸೊಂಟನೋವಿನೊಡನೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಕುದುರೆಯ ಜೀನಿಗೆ ತಾಗುವ ಭಾಗವು ಜೋಮುಹಿಡಿದರೆ, ಕಾಲಿನ ಬಲ ದಿನದಿನಕ್ಕೆ ಕುಗ್ಗಿದರೆ, ಅದು ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಡುವ ಸ್ಥಿತಿ. 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗತಕ್ಕದ್ದು. ಉಳಿದ ನೋವುಗಳಿಗೆಲ್ಲ ವ್ಯವಧಾನವಿದೆ. ಆ ವ್ಯವಧಾನದಲ್ಲಿ ಹಳೆಯ ಚಿತ್ರಗಳನ್ನೂ ಮಾತ್ರೆಯ ಚೀಟಿಯನ್ನೂ ಹುಡುಕಿ ಒಂದು ಚೀಲದಲ್ಲಿ ಇಟ್ಟುಕೊಂಡು ಹೊರಡಿ. ಜೇಬಿನಲ್ಲಿ ಅಂದಿನ ಒಂದು ಸಲದ ಹಣ ಮಾತ್ರ ಇರಲಿ.